ಊರು ತುಳಿದವನಿಗೆ ನಿವಾಸಿ ಪತ್ರ

ಟೋಕಿಯೋದಲ್ಲಿ ಬಾಡಿಗೆ ಮನೆ ಹುಡುಕುವ ಕಷ್ಟವನ್ನು ಇಲ್ಲಿರುವ ಯಾವ ಕನ್ನಡಿಗನನ್ನು ಬೇಕಾದರೂ ಕೇಳಿ. ಕೆಲಸ ಇದೆ, ಸಂಬಳದ ಚೀಟಿ ಇದೆ, ಭಾಷೆಯೂ ತಕ್ಕಮಟ್ಟಿಗೆ ಬರುತ್ತದೆ. ಆದರೂ ಕಳೆದ ಸಲ ಮನೆ ಬದಲಿಸುವಾಗ ಏಜೆಂಟ್ ಮಾಲೀಕರಿಗೆ ಫೋನ್ ಮಾಡಿ, ಆಮೇಲೆ ನನ್ನ ಕಡೆ ತಲೆ ಬಗ್ಗಿಸಿ, ನಗುಮುಖದಲ್ಲೇ ಹೇಳಿದ: ‘ಕ್ಷಮಿಸಿ, ವಿದೇಶಿಯರು ಬೇಡವಂತೆ.’

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿಕೊಂಡೆ. ಪಕ್ಕದ ಮೇಜಿನವ ಸಮಾಧಾನ ಮಾಡುವ ಬದಲು ಒಂದು ಸುದ್ದಿ ಹೇಳಿದ. 2015ರ ಏಪ್ರಿಲ್‌ನಲ್ಲಿ ಟೋಕಿಯೋದ ಶಿಂಜುಕು ವಾರ್ಡಿನ ಆಡಳಿತದವರು ಸಿನಿಮಾದ ದೈತ್ಯ ಪ್ರಾಣಿ ಗಾಡ್ಜಿಲ್ಲಾಗೆ ವಿಶೇಷ ನಿವಾಸಿ ಪತ್ರ ಕೊಟ್ಟಿದ್ದಾರೆ. ಪ್ರವಾಸೋದ್ಯಮ ರಾಯಭಾರಿ ಅನ್ನುವ ಪದವಿ ಬೇರೆ. ವಿಳಾಸ, ಕಾಬುಕಿಚೋ.

ಗಿಂಜಾದ ಗಡಿಯಾರ ಗೋಪುರ ಮುರಿದು, ಪಾರ್ಲಿಮೆಂಟ್ ಕಟ್ಟಡ ತುಳಿದು ಹೋದ ಪ್ರಾಣಿಗೆ ಈ ಊರಿನಲ್ಲಿ ವಿಳಾಸ ಇದೆ. ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕಟ್ಟುವ ನನಗೆ ಇಲ್ಲ!

ಹೊಟ್ಟೆಕಿಚ್ಚಿನಿಂದಲೇ ಒಂದು ಶನಿವಾರ ಮಗಳನ್ನು ಕರೆದುಕೊಂಡು ನೋಡಲು ಹೋದೆ. ಸಿನಿಮಾ ಮಂದಿರ, ಹೋಟೆಲ್ ಎಲ್ಲ ಇರುವ ದೊಡ್ಡ ಕಟ್ಟಡ. ಅದರ ಎಂಟನೇ ಮಹಡಿಯ ಹಿಂದಿನಿಂದ ಇಣುಕುವ ಹಾಗೆ ಆ ದೊಡ್ಡ ತಲೆ ಇಟ್ಟಿದ್ದಾರೆ. ಹೊತ್ತಿಗೆ ಸರಿಯಾಗಿ ಗರ್ಜಿಸುತ್ತದೆ. ಕೆಳಗಿರುವ ಜನ ಹೆದರುವುದಿಲ್ಲ, ಕೈ ಬೀಸುತ್ತಾರೆ. ಮಗಳೂ ಬೀಸಿದಳು.

ಆವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ನಮ್ಮ ಊರ ಕಡೆ ನಾವು ರಾಕ್ಷಸರನ್ನು ಇಷ್ಟು ಚೆನ್ನಾಗಿ ಮಾಡುತ್ತೇವೆ, ಆಮೇಲೆ ಯಾಕೆ ಇಟ್ಟುಕೊಳ್ಳುವುದಿಲ್ಲ?

ಗಾಡ್ಜಿಲ್ಲಾ ಹುಟ್ಟಿದ್ದು ನೋವಿನಿಂದ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಅದರ ಬೂದಿ ಒಂದು ಜಪಾನೀ ಮೀನುಗಾರಿಕೆ ದೋಣಿಯ ಮೇಲೆ ಬಿತ್ತು. ದೋಣಿಯ ರೇಡಿಯೋ ಆಪರೇಟರ್ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ನವೆಂಬರ್‌ನಲ್ಲಿ ಸಿನಿಮಾ ಬಂತು. ಹಿರೋಶಿಮಾ ಆಗಿ ಆಗಿನ್ನೂ ಒಂಬತ್ತೇ ವರ್ಷ. ಸಮುದ್ರದ ತಳದಲ್ಲಿ ತನ್ನ ಪಾಡಿಗೆ ಇದ್ದ ಪ್ರಾಣಿಯನ್ನು ಬಾಂಬ್ ಎಬ್ಬಿಸುತ್ತದೆ. ಅದರ ಚರ್ಮ ನೋಡಿ, ಸುಟ್ಟ ಗಾಯ ಮಾಗಿದ ಹಾಗಿದೆ. ಅಂದರೆ ಊರಿನವರ ಮೈಮೇಲೆ ಆದದ್ದೇ ಅದರ ಮೈಮೇಲೂ ಆಗಿದೆ. ಅಂಥದ್ದನ್ನು ಪೂರ್ತಿ ದ್ವೇಷಿಸುವುದು ಹೇಗೆ? ಕಥೆಯಲ್ಲಿ ಒಬ್ಬ ಹಿರಿಯ ವಿಜ್ಞಾನಿ ಇದ್ದಾನೆ. ಅದನ್ನು ಕೊಲ್ಲಬೇಡಿ ಎಂದು ಗೋಗರೆಯುತ್ತಾನೆ. ಕೊನೆಗೆ ಅದು ಸತ್ತಾಗ ಅವನ ಮುಖದಲ್ಲಿ ಗೆಲುವಿಲ್ಲ. ಪ್ರೇಕ್ಷಕರಿಗೂ ಮನಸ್ಸಾಗಲಿಲ್ಲವೋ ಏನೋ, ಮರುವರ್ಷವೇ ಇನ್ನೊಂದನ್ನು ಎಬ್ಬಿಸಿದರು. ಎಪ್ಪತ್ತು ವರ್ಷ ಕಳೆದರೂ ಏಳುತ್ತಲೇ ಇದೆ.

ಇದೊಂದೇ ಅಲ್ಲ. ಇಲ್ಲಿ ಕೆರೆ ದಂಡೆಯ ‘ಅಪಾಯ, ನೀರಿಗಿಳಿಯಬೇಡಿ’ ಬೋರ್ಡಿನ ಮೇಲೂ ಕಾಪ್ಪಾ ಎಂಬ ನೀರುಭೂತದ ಚಿತ್ರ ಇರುತ್ತದೆ. ಮಕ್ಕಳನ್ನು ನೀರಿಗೆ ಎಳೆಯುವುದೇ ಅದರ ಹಳೆಯ ಕಸುಬು, ಈಗ ಅದಕ್ಕೇ ಕಾವಲು ಕೆಲಸ. 2020ರ ಕೊರೊನಾ ಸಮಯದಲ್ಲಿ ಆರೋಗ್ಯ ಸಚಿವಾಲಯದವರು ಅಮಾಬಿಯೇ ಎಂಬ ಪ್ರಾಣಿಯ ಚಿತ್ರ ಬಳಸಿದರು. ಉದ್ದ ಕೂದಲು, ಹಕ್ಕಿಯ ಕೊಕ್ಕು, ಮೈತುಂಬಾ ಹುರುಪೆ. 1846ರಲ್ಲಿ ಅದು ಸಮುದ್ರದಿಂದ ಎದ್ದು ಬಂದು, ರೋಗ ಹರಡಿದರೆ ನನ್ನ ಚಿತ್ರ ಬರೆದು ಜನರಿಗೆ ತೋರಿಸಿ ಎಂದು ಹೇಳಿತ್ತಂತೆ. ಜನ ಮನೆಯಲ್ಲಿ ಅಂಟಿಸಿಕೊಂಡರು. ನಾವು ಬಾಗಿಲಿಗೆ ಏನು ಬರೆದಿದ್ದೆವು? ‘ನಾಳೆ ಬಾ.’

ಈಗ ನಮ್ಮ ಕಡೆ ಬನ್ನಿ. ನಾನು ಕಾರ್ಕಳದ ಹತ್ತಿರದವ. ಯಕ್ಷಗಾನದ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ನೋಡಿ ಬೆಳೆದವ. ಚಿಕ್ಕವನಿದ್ದಾಗ ಆಟಕ್ಕೆ ಹೋದರೆ ಮೊದಲು ಓಡುತ್ತಿದ್ದದ್ದು ವೇಷ ಕಟ್ಟುವ ಚೌಕಿಗೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚಿಟ್ಟಿ ಇಡುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಕನ್ನಡಿ ಎದುರು ಕೂತ ಆ ಮನುಷ್ಯ ಗಂಟೆಗಟ್ಟಲೆ ಮಾತಾಡುತ್ತಿರಲಿಲ್ಲ. ಸ್ವಲ್ಪ ಸ್ವಲ್ಪವಾಗಿ ಮುಖ ಮಾಯವಾಗಿ ಬೇರೆ ಯಾರೋ ಬರುತ್ತಿದ್ದರು. ದೇವಿ ಮಹಾತ್ಮೆಯ ದಿನವಂತೂ ಕೇಳಬೇಡಿ. ಮಹಿಷಾಸುರ ರಂಗಸ್ಥಳದ ಕಡೆಯಿಂದ ಬರುವುದೇ ಇಲ್ಲ. ಜನರ ಹಿಂದಿನಿಂದ, ಕತ್ತಲಿನಿಂದ ಬರುತ್ತಾನೆ. ಮೊದಲು ಆರ್ಭಟ. ಆಮೇಲೆ ದೊಂದಿಗಳು, ರಾಳ ಎಸೆದಾಗ ಭುಗ್ಗೆಂದು ಏಳುವ ಬೆಂಕಿ, ಗರ್ನಾಲು ಪಟಾಕಿ. ಕುರ್ಚಿಗಳು ಉರುಳುತ್ತವೆ, ಹೆಂಗಸರು ಮಕ್ಕಳನ್ನು ಎಳೆದುಕೊಳ್ಳುತ್ತಾರೆ. ಆ ವೇಷದ ಎದುರು ಶಿಂಜುಕುವಿನ ಆ ತಲೆ ಸುಮ್ನೆ ಒಂದು ಬೋರ್ಡು. ಆವತ್ತು ದೇವಿಯ ಪಾತ್ರ ಯಾರು ಮಾಡಿದ್ದರೋ ನನಗೆ ನೆನಪಿಲ್ಲ. ಮಹಿಷ ಯಾರು ಅನ್ನುವುದು ಇಡೀ ಊರಿಗೆ ನೆನಪಿದೆ.

ಆದರೆ ಆಮೇಲೆ? ಕೊಂದೆವು, ಮುಗಿಯಿತು, ಮಂಗಳ.

ನಮ್ಮ ಕಥೆಗಳಲ್ಲಿ ರಾಕ್ಷಸನಿಗೆ ಬದುಕುವ ದಾರಿಯೇ ಇಲ್ಲ. ಬಕಾಸುರ ಸಾಯಬೇಕು, ಹಿಡಿಂಬ ಸಾಯಬೇಕು. ಘಟೋತ್ಕಚ ನಮ್ಮವನೇ, ನಮ್ಮ ಪರವಾಗಿಯೇ ಹೋರಾಡಿದವ, ಅವನೂ ಸಾಯಬೇಕು. ಇನ್ನು ಪುಣ್ಯಕೋಟಿಯ ಹುಲಿ ನೋಡಿ. ಪಾಪ, ಏನು ತಪ್ಪು ಮಾಡಿತು? ಹಸಿದಿತ್ತು. ಹಸುವಿನ ಮಾತು ನಂಬಿ ಬಿಟ್ಟಿತು. ಮರಳಿ ಬಂದದ್ದನ್ನು ತಿನ್ನಲಿಲ್ಲ. ಅಷ್ಟು ಒಳ್ಳೆಯದಾದ ಮೇಲೂ ಅದನ್ನು ಕಾಡಿಗೆ ಕಳಿಸಲು ನಮಗೆ ಮನಸ್ಸು ಬರಲಿಲ್ಲ. ಹಾರಿ ಪ್ರಾಣ ಬಿಡಿಸಿದೆವು. ಶಾಲೆಯಲ್ಲಿ ಎಲ್ಲರೂ ಹಸುವಿಗಾಗಿ ಅತ್ತರು. ನಾನು ಆಗಲೂ ಹುಲಿಗಾಗಿ ಅತ್ತವನು. ಜಪಾನಿನವರ ಕೈಗೆ ಆ ಹುಲಿ ಸಿಕ್ಕಿದ್ದರೆ ಇಷ್ಟು ಹೊತ್ತಿಗೆ ಅದಕ್ಕೆ ಒಂದು ರೈಲ್ವೆ ಸ್ಟೇಷನ್ ಆಗುತ್ತಿತ್ತು. ತಮಾಷೆಯಲ್ಲ, ಕ್ಯೂಶೂ ದ್ವೀಪದ ತನುಶಿಮಾರು ಎಂಬಲ್ಲಿ ಕಾಪ್ಪಾ ಮುಖದ ಆಕಾರದಲ್ಲೇ ಸ್ಟೇಷನ್ ಕಟ್ಟಿದ್ದಾರೆ.

(ದೈವಗಳ ಮಾತು ಬೇರೆ. ಅವನ್ನು ಈ ಲೆಕ್ಕಕ್ಕೆ ಸೇರಿಸಿದರೆ ಊರಿಗೆ ಹೋದಾಗ ಅಮ್ಮ ಊಟ ಹಾಕುವುದಿಲ್ಲ.)

ಟಿವಿಯ ಪುರಾಣಗಳು ಬಂದ ಮೇಲಂತೂ ರಾಕ್ಷಸ ಎಂದರೆ ದಪ್ಪ ಮೀಸೆ, ಪ್ಲಾಸ್ಟಿಕ್ ಕೋರೆಹಲ್ಲು, ಸುಮ್ಮಸುಮ್ಮನೆ ‘ಹಹಹಾ’. ಅವನಿಗೆ ಒಂದು ದುಃಖ ಇಲ್ಲ, ಒಂದು ವಾದ ಇಲ್ಲ. ಯಕ್ಷಗಾನದಲ್ಲಾದರೂ ಮಹಿಷ ನಿಂತು ತನ್ನ ಅಪ್ಪನನ್ನು ಕೊಂದವರ ಬಗ್ಗೆ ಮಾತಾಡುತ್ತಾನೆ. ಒಳ್ಳೆಯ ಅರ್ಥಧಾರಿ ಸಿಕ್ಕಿದರೆ ಹತ್ತು ನಿಮಿಷ ನಾವೂ ಅವನ ಪಕ್ಷ. ಈಗ ಆಟಕ್ಕೂ ಕಾಲಮಿತಿ ಬಂತು. ಮೊದಲು ಕತ್ತರಿ ಬೀಳುವುದು ಈ ಮಾತಿಗೇ.

ತಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಮೈಸೂರಿನಲ್ಲಿದ್ದಾನೆ. ‘ಅಣ್ಣಾ, ಚಾಮುಂಡಿ ಬೆಟ್ಟಕ್ಕೆ ಬಂದು ನೋಡು. ಬಂದವರೆಲ್ಲ ಫೋಟೋ ತೆಗೆಸಿಕೊಳ್ಳೋದು ಯಾರ ಜೊತೆ?’ ಎಂದ. ಹೌದು, ಕತ್ತಿ ಹಿಡಿದು, ಹಾವು ಹಿಡಿದು ನಿಂತ ಆ ಬಣ್ಣಬಣ್ಣದ ಮಹಿಷನ ಜೊತೆ. ‘ಅವರು ಕೊಟ್ಟಿದ್ದು ಒಂದು ಕಾಗದ. ನಾವು ಇಡೀ ಊರಿಗೇ ಅವನ ಹೆಸರಿಟ್ಟಿದ್ದೀವಿ’ ಎಂದೂ ಸೇರಿಸಿದ. ಇದಕ್ಕೆ ಏನು ಹೇಳಬೇಕೋ ಹೊಳೆಯಲಿಲ್ಲ. ನೆಟ್‌ವರ್ಕ್ ಸರಿ ಇಲ್ಲ ಎಂದು ಫೋನ್ ಇಟ್ಟೆ.

ಇಲ್ಲಿನ ಪ್ರೀತಿಯಲ್ಲೂ ಒಂದು ಕೊರತೆ ಇದೆ, ಒಪ್ಪಿಕೊಳ್ಳಬೇಕು. ಗಾಡ್ಜಿಲ್ಲಾ ಈಗ ಕೀಚೈನು, ಬಿಸ್ಕತ್ತು, ಮಕ್ಕಳ ಚಡ್ಡಿ. ಮಗಳು ಅದರ ಗೊಂಬೆಯನ್ನು ತಬ್ಬಿಕೊಂಡು ಮಲಗುತ್ತಾಳೆ. ಅಣುಬಾಂಬು ಎಬ್ಬಿಸಿದ ಪ್ರಾಣಿ ಹೀಗೆ ಮೆತ್ತಗಾಗುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ಅನುಮಾನ. ನೆರೆಯವನಾಗಿಸಿಕೊಂಡ ಮೇಲೆ ಭಯ ಹೋಗುತ್ತದೆ, ಭಯ ಹೋದ ಮೇಲೆ ಉಳಿಯುವುದು ಹೆಚ್ಚಾಗಿ ವ್ಯಾಪಾರ.

ಹೋದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅದೇ ಮಗಳನ್ನು ದೇವಿ ಮಹಾತ್ಮೆಗೆ ಕರೆದುಕೊಂಡು ಹೋದೆ. ಹಿಂದಿನಿಂದ ಆರ್ಭಟ ಕೇಳಿದ್ದೇ ತಡ, ಅವಳ ಉಗುರು ನನ್ನ ತೋಳಿನಲ್ಲಿ. ಕಣ್ಣು ಮಾತ್ರ ಮುಚ್ಚಲಿಲ್ಲ. ಮಹಿಷ ಸತ್ತಾಗ ಜೋರಾಗಿ ಅತ್ತಳು. ನೋಡಿದಿರಾ, ನನ್ನ ಮಗಳೇ, ಎಂದು ನನಗೆ ಒಳಗೊಳಗೇ ಖುಷಿ.

ಅಮ್ಮ ಅವಳನ್ನು ಮಡಿಲಿಗೆ ಎಳೆದುಕೊಂಡು, ‘ಅಳ್ಬೇಡ ಮಗಾ, ಅವ ನಾಳೆ ಮೂಡಬಿದಿರೆಯಲ್ಲಿ ಪುನಃ ಬರ್ತಾನೆ’ ಎಂದರು. ಅವಳು ತಕ್ಷಣ ಅಳು ನಿಲ್ಲಿಸಿ, ನಾಳೆ ಅಲ್ಲಿಗೂ ಹೋಗೋಣ ಎಂದು ಹಟ ಹಿಡಿದಳು.

ಸರಿ, ಮಹಿಷನ ವಿಷಯ ಬಿಟ್ಟುಕೊಟ್ಟೆ. ಆ ಹುಲಿಯ ವಿಷಯದಲ್ಲಿ ಮಾತ್ರ ಅಮ್ಮ ಹೇಳಿದರೂ ಕೇಳುವವನಲ್ಲ.