ವಸಂತದಲ್ಲಿ ಬೆಟ್ಟಕ್ಕೆ ಹೋಗುವುದಾದರೆ ಒಂದು ಮರ ಹಿಡಿದು ಕೂರಿ

ಮಾರ್ಚ್ ಬಂದರೆ ಸಾಕು, ವಾರದ ಕೊನೆಗೆ ಇನ್ನೂ ಕತ್ತಲಿರುವಾಗಲೇ ಹೆಬ್ಬಾಳ ಫ್ಲೈಓವರ್ ದಾಟಿ ನಂದಿಬೆಟ್ಟದ ಕಡೆ ಕಾರು, ಬೈಕುಗಳ ಸಾಲು ಹೊರಡುತ್ತದೆ. ಬೆನ್ನಿಗೆ ಕ್ಯಾಮೆರಾ ಬ್ಯಾಗು, ಮನಸ್ಸಿನಲ್ಲಿ ಮೋಡದ ಕಡಲು. ಆ ಮೋಡ ಚೆನ್ನಾಗಿ ಸಿಗುವುದು ಮಳೆಗಾಲ ಮುಗಿಯುವ ಹೊತ್ತಿನಿಂದ ಚಳಿಗಾಲದವರೆಗೆ. ಈಗ 1478 ಮೀಟರ್ ಎತ್ತರದಲ್ಲಿ ನಿಂತರೂ ಹೆಚ್ಚಿನ ದಿನ ಕಾಣುವುದು ಬೂದು ಬಣ್ಣದ ಧೂಳುಮಬ್ಬು. ಮುಳ್ಳಯ್ಯನಗಿರಿಗೆ ಹೋದವರದೂ ಅದೇ ಪಾಡು. ರೀಲ್ಸ್‌ನಲ್ಲಿ ನೋಡಿದ ಹಸಿರು ಆಗಸ್ಟ್-ಸೆಪ್ಟೆಂಬರ್‌ನದ್ದು, ಈ ತಿಂಗಳಲ್ಲಿ ಹುಲ್ಲು ಒಣಗಿ ಕಂದಾಗಿರುತ್ತದೆ. ಲೆನ್ಸ್ ಎಷ್ಟೇ ದುಬಾರಿಯದಾದರೂ ಮಬ್ಬನ್ನು ಸೀಳಿ ತೆಗೆಯಲಾರದು.

ವಸಂತ ಇರುವುದು ಮರಗಳ ಮೇಲೆ. ಅದಕ್ಕೇ ನನ್ನ ಮಾತಿಷ್ಟೆ: ವೈಡ್ ಲೆನ್ಸ್ ಮನೆಯಲ್ಲಿಡಿ, ಒಬ್ಬ ಗೆಳೆಯರನ್ನು ಕರೆದುಕೊಳ್ಳಿ, ಹೂಬಿಟ್ಟ ಒಂದೇ ಒಂದು ಮರ ಹಿಡಿದು ಬೆಳಗಿನ ಮೂರು ಗಂಟೆ ಅಲ್ಲೇ ಕೂರಿ. ಒಂದು ದಿನದಲ್ಲಿ ಐದು ವ್ಯೂ ಪಾಯಿಂಟ್ ಸುತ್ತುವವರಿಗಿಂತ ಒಳ್ಳೆಯ ಚಿತ್ರ ನಿಮಗೆ ಸಿಗುತ್ತದೆ.

ಯಾವ ಮರ? ಬೂರುಗ ಜನವರಿ ಕೊನೆಗೇ ಶುರುವಾಗಿ ಮಾರ್ಚ್‌ವರೆಗೆ ಇರುತ್ತದೆ. ಮುತ್ತುಗ ಫೆಬ್ರವರಿ-ಮಾರ್ಚ್. ಎರಡೂ ಎಲೆ ಉದುರಿಸಿ ಬರಿ ಕೊಂಬೆಯ ಮೇಲೆ ಹೂಬಿಡುವುದರಿಂದ ಹಕ್ಕಿಗೆ ಅಡಗಲು ಜಾಗವಿಲ್ಲ. ಬೆಂಗಳೂರಿನವರಿಗೆ ದೇವರಾಯನದುರ್ಗ, ಸಾವನದುರ್ಗದ ಸುತ್ತಲಿನ ಕುರುಚಲು ಕಾಡು ಹತ್ತಿರ. ಗೊರವಂಕ, ಕಾಜಾಣ, ಗಿಳಿ, ಸೂರಕ್ಕಿ ಎಲ್ಲವೂ ಮಕರಂದಕ್ಕೆ ಬರುತ್ತವೆ. ಏಪ್ರಿಲ್‌ನಲ್ಲಿ ಉತ್ತರಕ್ಕೆ ಹಾರಿಹೋಗುವ ಮೊದಲು ಗುಲಾಬಿ ಕಬ್ಬಕ್ಕಿಗಳೂ ಗುಂಪುಗುಂಪಾಗಿ ಬಂದಿಳಿಯುತ್ತವೆ. ಗೊರವಂಕ ಮುತ್ತುಗದ ಹೂವಿನ ಬುಡಕ್ಕೆ ಕೊಕ್ಕು ತೂರಿಸುವಾಗ ಗಮನಿಸಿ: ಗಿಳಿಮೂಗಿನಂತೆ ಬಾಗಿದ ಎಸಳು ಸರಿದು, ಒಳಗಿನ ಕೇಸರ ಹೊರಬಂದು ಅದರ ಹಣೆಗೆ ತಾಗುತ್ತದೆ. ತೆಗೆಯಬೇಕಾದ ಕ್ಷಣ ಅದು. ಅದಕ್ಕೆ ಶಟರ್ ವೇಗ ಸೆಕೆಂಡಿನ 1/1600 ಭಾಗ ಬೇಕು. ಹಕ್ಕಿ ಸುಮ್ಮನೆ ಕುಳಿತಿದ್ದರೆ 1/500 ಸಾಕು.

ಬೆಟ್ಟದಿಂದ ಸಿಗುವ ದೊಡ್ಡ ಲಾಭವನ್ನು ಬಹಳ ಜನ ಬಳಸಿಕೊಳ್ಳುವುದೇ ಇಲ್ಲ. ಬಯಲಿನಲ್ಲಿ ಮರದ ಕೆಳಗೆ ನಿಂತು ಮೇಲಕ್ಕೆ ಹಿಡಿದರೆ ಹಿನ್ನೆಲೆಯಲ್ಲಿ ಬಿಳಿ ಆಕಾಶ ಬಂದು ಹಕ್ಕಿ ಕಪ್ಪಾಗುತ್ತದೆ. ಇಳಿಜಾರಿನಲ್ಲಿ ಮರಕ್ಕಿಂತ ಸ್ವಲ್ಪ ಮೇಲೆ ನಿಂತರೆ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ, ಹಿಂದೆ ಎದುರು ಬೆಟ್ಟ. ಮರ 10-15 ಮೀಟರ್ ದೂರದಲ್ಲಿದ್ದು ಎದುರಿನ ಇಳಿಜಾರು 200 ಮೀಟರ್ ಆಚೆ ಇದ್ದರೆ, 400 ಎಂಎಂ ಲೆನ್ಸ್‌ನಲ್ಲಿ ಎಫ್ 5.6ರಷ್ಟು ಮಾತ್ರ ಲೆನ್ಸ್ ಬಾಯಿ ತೆರೆದರೂ ಹಿನ್ನೆಲೆ ಕರಗಿ ಒಂದೇ ಬಣ್ಣವಾಗುತ್ತದೆ. ಆ ಇಳಿಜಾರು ಇನ್ನೂ ನೆರಳಲ್ಲಿದ್ದರೆ ಕೇಸರಿ ಹೂವು ದೀಪ ಹಚ್ಚಿಟ್ಟಂತೆ ಕಾಣುತ್ತದೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಮೊದಲು ಬೀಳುತ್ತದೆ, ಪಶ್ಚಿಮದ ಇಳಿಜಾರಿನಲ್ಲಿ ಎಂಟು ಗಂಟೆಗೂ ನೆರಳಿರಬಹುದು. ಹಿಂದಿನ ಸಂಜೆಯೇ ಹೋಗಿ ಮರ ಗೊತ್ತುಮಾಡಿಕೊಳ್ಳಬೇಕು ಎನ್ನುವುದು ಇದಕ್ಕೇ.

ಹೆಚ್ಚು ಚಿತ್ರಗಳು ಕೆಡುವುದು ಕೆಂಪಿನಲ್ಲಿ. ಮುತ್ತುಗ, ಬೂರುಗದ ಹೂವಿನಲ್ಲಿ ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಪೈಕಿ ಕೆಂಪು ಉಳಿದೆರಡಕ್ಕಿಂತ ಬೇಗ ತುಂಬಿ ಹರಿಯುತ್ತದೆ. ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೋಗ್ರಾಂ ನಕ್ಷೆ ನೋಡಿದರೆ ಎಲ್ಲ ಸರಿ ಇದೆ ಅನಿಸುತ್ತದೆ. ಮನೆಗೆ ಬಂದು ತೆರೆದರೆ ಎಸಳಿನ ನರ, ಮಡಿಕೆ ಒಂದೂ ಇರುವುದಿಲ್ಲ, ಬಣ್ಣ ಬಳಿದ ಪ್ಲಾಸ್ಟಿಕ್. ಆರ್‌ಜಿಬಿ (ಮೂರೂ ಬಣ್ಣ ಬೇರೆಬೇರೆ ತೋರಿಸುವ) ಹಿಸ್ಟೋಗ್ರಾಂ ಆನ್ ಮಾಡಿ, ಕ್ಯಾಮೆರಾ ಸಂಸ್ಕರಿಸದ ರಾ ಫೈಲಿನಲ್ಲೇ ತೆಗೆಯಿರಿ, ಎಕ್ಸ್‌ಪೋಷರ್ ಮೂರನೇ ಎರಡು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ನೆರಳನ್ನು ಆಮೇಲೆ ಎತ್ತಬಹುದು, ಹೋದ ಕೆಂಪು ಮರಳಿ ಬರುವುದಿಲ್ಲ.

ಕಾಫಿ ಹೂವಿನ ಕಥೆ ಬೇರೆ. ಅದರ ಪಂಚಾಂಗ ಮಳೆಯದ್ದು. ಚಿಕ್ಕಮಗಳೂರು, ಕೊಡಗಿನಲ್ಲಿ ಒಂದು ಇಂಚಿನಷ್ಟು ಹೂಮಳೆ (ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದರೆ ಎಂಟರಿಂದ ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ರೊಬಸ್ಟಾ ಎಂಬ ಬಗೆಯ ಕಾಫಿ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕಿ ಮೊದಲೇ ಹೂ ಬರಿಸುವುದೂ ಉಂಟು. ಹೂವು ಅರಳಿ ಹೊಸದಾಗಿರುವುದು ಒಂದೆರಡು ದಿನ ಮಾತ್ರ, ಆಮೇಲೆ ಅಂಚು ಕಂದಾಗುತ್ತದೆ. ರಜೆ ನೋಡಿಕೊಂಡು ದಿನ ಗೊತ್ತುಮಾಡಿದರೆ ಸಿಗುವುದಿಲ್ಲ. ಮಳೆ ಬಿದ್ದ ದಿನವನ್ನು ಅಲ್ಲಿನವರಿಂದ ತಿಳಿದು ಎಣಿಸಿಕೊಳ್ಳಿ. ತೋಟ ಖಾಸಗಿ ಆಸ್ತಿ, ಮಾಲೀಕರನ್ನೋ ತೋಟ ನೋಡಿಕೊಳ್ಳುವ ರೈಟರನ್ನೋ ಕೇಳಿಯೇ ಒಳಗೆ ಕಾಲಿಡಿ. ಜೇನು ತುಂಬಿರುವ ಕಾಲ, ಸೆಂಟು ಹಾಕಿಕೊಂಡು ಹೋಗಬೇಡಿ. ಹೆಜ್ಜೇನಿನ ತಟ್ಟಿ ಇರುವ ಮರದ ಹತ್ತಿರ ಡ್ರೋನ್ ಹಾರಿಸುವುದು ಜೀವಕ್ಕೇ ಅಪಾಯ.

ಬಿಳಿ ಹೂವು, ಕಡುಹಸಿರು ಎಲೆ. ಚೌಕಟ್ಟಿನ ತುಂಬ ಎಲೆಯೇ ಇದ್ದರೆ ಕ್ಯಾಮೆರಾದ ಬೆಳಕಿನ ಮೀಟರು ಕತ್ತಲೆ ಎಂದುಕೊಂಡು ಬೆಳಕು ಹೆಚ್ಚಿಸಿ ಹೂವನ್ನು ಸುಟ್ಟುಬಿಡುತ್ತದೆ. ಇಲ್ಲೂ ಒಂದು ಸ್ಟಾಪ್‌ವರೆಗೆ ಇಳಿಸಬೇಕು. ಕಾಫಿ ಎಲೆಯ ಹೊಳಪು ತೆಗೆಯಲು ಪೋಲರೈಸರ್ ಫಿಲ್ಟರ್ ಒಳ್ಳೆಯದು, ಆದರೆ ಅದು ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ನುಂಗುತ್ತದೆ. ಬಿಸಿಲಿಗೆ ಎದುರಾಗಿ ಹಿಡಿದ ಎಳೆ ಚಿಗುರಿಗೆ ಅದರ ಅಗತ್ಯವಿಲ್ಲ, ಬಿಚ್ಚಿಡಿ.

ಗೆಳೆಯರು ಬೇಕು ಅಂದದ್ದು ಬರೀ ಹರಟೆಗಲ್ಲ. ನೆರಳುಮರಗಳ ನಡುವೆ ಬೀಳುವ ಚುಕ್ಕೆಬಿಸಿಲಿನಲ್ಲಿ ಮ್ಯಾಕ್ರೋ (ಬಹಳ ಹತ್ತಿರದ ಚಿತ್ರ) ತೆಗೆಯುವಾಗ ಒಬ್ಬರು ಹೂವಿನಿಂದ ಒಂದಡಿ ದೂರದಲ್ಲಿ ಬೆಳಕು ಮೃದುಮಾಡುವ ಡಿಫ್ಯೂಸರ್ ಹಿಡಿಯಬೇಕು. ಬಿಳಿ ಕೊಡೆಯಾದರೂ ಆದೀತು. ಹಕ್ಕಿ ತೆಗೆಯುವಾಗ ಒಬ್ಬರ ಕಣ್ಣು ವ್ಯೂಫೈಂಡರ್‌ನಲ್ಲಿದ್ದರೆ ಇನ್ನೊಬ್ಬರು ಬರಿಗಣ್ಣಲ್ಲಿ ಇಡೀ ಮರ ನೋಡುತ್ತಿರಬೇಕು. "ಎಡಗಡೆ, ಎರಡನೇ ಕವಲು, ತುದಿಗೆ" ಅಂತ ಪಿಸುಗುಟ್ಟಿದರೆ ಸಾಕು. ಅರ್ಧ ಗಂಟೆಗೊಮ್ಮೆ ಕೆಲಸ ಅದಲುಬದಲು ಮಾಡಿಕೊಳ್ಳಿ, ಇಲ್ಲದಿದ್ದರೆ ಮನಸ್ತಾಪ ಖಂಡಿತ. ಇಬ್ಬರೂ ಒಂದೇ ಬಗೆಯ ಲೆನ್ಸ್ ಹೊರಬೇಡಿ: ಒಬ್ಬರಲ್ಲಿ 100-400, ಇನ್ನೊಬ್ಬರಲ್ಲಿ 100 ಎಂಎಂ ಮ್ಯಾಕ್ರೋ. ಕ್ಯಾಮೆರಾಕ್ಕೆ ಲೆನ್ಸ್ ಕೂರುವ ಮೌಂಟ್ ಒಂದೇ ಆದರೆ ಲೆನ್ಸನ್ನೂ ಬದಲಾಯಿಸಿಕೊಳ್ಳಬಹುದು. ಮೂರನೆಯವರು ಬಂದರೆ ಮಾತು ಹೆಚ್ಚಾಗುತ್ತದೆ, ಹಕ್ಕಿ ಹೋಗುತ್ತದೆ.

ಕಾರಿನಿಂದ ತೆಗೆಯುವುದಾದರೆ ಎಂಜಿನ್ ಆಫ್ ಮಾಡಿ. ಬಾನೆಟ್ ಮೇಲಿನ ಬಿಸಿಗಾಳಿ ಅಲುಗಾಡಿದರೆ ಯಾವ ಚಿತ್ರವೂ ಶಾರ್ಪ್ ಬರುವುದಿಲ್ಲ. ಒಂಬತ್ತರ ನಂತರ ಟಾರು ರಸ್ತೆ ಮೇಲೂ ಅದೇ ತೊಂದರೆ. ಹಳೇ ಜೀನ್ಸಿನ ಕಾಲು ಹೊಲಿದು ಎರಡು ಕೆಜಿ ಅಕ್ಕಿ ತುಂಬಿ ಕಿಟಕಿ ಮೇಲಿಟ್ಟರೆ ಟ್ರೈಪಾಡ್ ಬೇಡ. ಮಳೆ ಬಂದ ಮರುದಿನ ಎಸಿ ಕಾರಿನಿಂದ ಕ್ಯಾಮೆರಾ ಥಟ್ಟನೆ ಹೊರತೆಗೆದರೆ ಲೆನ್ಸಿಗೆ ಆವಿ ಕಟ್ಟುತ್ತದೆ, 20 ನಿಮಿಷ ಮೊದಲೇ ಎಸಿ ನಿಲ್ಲಿಸಿ. ಮಬ್ಬು ತೊಳೆದುಹೋಗಿ ದೂರದ ಬೆಟ್ಟ ಕಾಣುವುದೂ ಆ ಮರುದಿನವೇ.

ಇದು ಗೂಡು ಕಟ್ಟುವ ಕಾಲವೂ ಹೌದು. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದನ್ನು ದಯವಿಟ್ಟು ಬಿಡಿ. ನಂದಿಯ ಬಂಡೆಗಳಲ್ಲಿರುವ ಹಳದಿ ಕೊರಳಿನ ಪಿಕಳಾರ ಜಗತ್ತಿನಲ್ಲಿ ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಮೊಬೈಲಿನ ಕೂಗಿಗೆ ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು ಹಾರಾಡುತ್ತದೆ, ಅಷ್ಟರಲ್ಲಿ ಕಾಗೆ ಮೊಟ್ಟೆ ಎತ್ತಿಕೊಂಡು ಹೋಗುತ್ತದೆ. ಗೂಡಿನ ಚಿತ್ರ ಬೇಡವೇ ಬೇಡ. ಅಡ್ಡ ಬಂದ ಕೊಂಬೆಯನ್ನು ಮುರಿಯದೆ ದಾರ ಕಟ್ಟಿ ಸರಿಸಿ, ಆಮೇಲೆ ಬಿಚ್ಚಿ. ಕಾಡ್ಗಿಚ್ಚಿನ ಕಾಲದಲ್ಲಿ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದುಂಟು, ಹೊರಡುವ ಮೊದಲು ವಿಚಾರಿಸಿ. ಬಿಳಿಗಿರಿರಂಗನ ಬೆಟ್ಟದಂಥ ಹುಲಿ ಅಭಯಾರಣ್ಯದ ರಸ್ತೆಯಲ್ಲಿ ಗಾಡಿಯಿಂದ ಇಳಿಯುವಂತಿಲ್ಲ.

ಸಂಜೆ ಕಾರ್ಡುಗಳನ್ನು ಇಬ್ಬರ ಡ್ರೈವ್‌ಗೂ ಕಾಪಿ ಮಾಡಿ. ಮರ ಎಲ್ಲಿದೆ, ಹೂವು ಎಷ್ಟಿತ್ತು, ತಾರೀಖು ಯಾವುದು ಎಂಬುದನ್ನು ಸೀಸನ್‌ವಾಚ್‌ಗೂ ಹಾಕಿ. ಮರಗಳು ಚಿಗುರುವ, ಹೂಬಿಡುವ ಕಾಲವನ್ನು ಜನರಿಂದಲೇ ದಾಖಲಿಸಿಕೊಳ್ಳುವ ಯೋಜನೆ ಅದು. ಮುಂದಿನ ಫೆಬ್ರವರಿಯಲ್ಲಿ ಯಾವ ವಾರ ಹೊರಡಬೇಕೆಂದು ಗೊತ್ತುಮಾಡಲು ನಿಮಗೂ ಅದೇ ಬೇಕಾಗುತ್ತದೆ.