ಬಿಸಿಲಿದ್ದರೂ ಕಾರಿಗೆ ಉಪವಾಸ

ಶಿರಸಿಯ ಮಳೆಗಾಲದಲ್ಲಿ ಸೋಲಾರ್ ಕೈಕೊಡುತ್ತದೆ ಅಂತ ಗೊತ್ತೇ ಇತ್ತು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊನ್ನೆ ಭಾನುವಾರ ಅಪರೂಪಕ್ಕೆ ಚುರುಚುರು ಬಿಸಿಲು. ಮಾಡಿನ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್, ಅಂಗಳದಲ್ಲಿ ಎಲೆಕ್ಟ್ರಿಕ್ ಕಾರು. ಪ್ಲಗ್ ಹಾಕಿ ಹತ್ತು ನಿಮಿಷ ಆಗಿಲ್ಲ, ಎಲ್ಲೋ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು. ಜೊತೆಗೇ ಸೋಲಾರೂ ಬಂದ್!

ಸೋಲಾರ್ ಕರೆಂಟನ್ನು ಊರಿನ ಲೈನ್‌ಗೂ ಕಳಿಸುವ ಆನ್-ಗ್ರಿಡ್ ಇನ್ವರ್ಟರ್ ಅಲ್ವಾ, ಲೈನ್‌ನಲ್ಲಿ ಕರೆಂಟ್ ಇಲ್ಲದಿದ್ದರೆ ತಾನೂ ಆಫ್ ಆಗುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ, ಸರಿಯೇ. ಆದರೆ ಮಾರುವಾಗ ಒಬ್ಬರಾದರೂ ಇದನ್ನು ಹೇಳಬೇಕಿತ್ತು. ಉಳಿದ ದಿನ ಬಿಸಿಲಿರುವಾಗ ಕಾರು ಆಫೀಸಿನಲ್ಲಿ. ಅದು ಮನೆಗೆ ಬರುವಾಗ ಸೂರ್ಯ ಇರುವುದಿಲ್ಲ.

ಪಕ್ಕದ ಮನೆಯ ಭಾವ ಮಾತ್ರ, "ನಿನ್ನ ಕಾರು ಪುಕ್ಕಟೆ ಓಡ್ತದಲ್ಲ ಮಾರಾಯಾ!" ಅನ್ನುತ್ತಾರೆ. ಸೋಮವಾರ ಕುಮಟಾಕ್ಕೆ ಬಸ್ಸಿನಲ್ಲೇ ಘಾಟಿ ಇಳಿದೆ.