ಮನಶ್ಶಾಸ್ತ್ರದ ಎಂ.ಎ. ದೂರಶಿಕ್ಷಣದಲ್ಲಿ ಬೇಡ ಅಂದಿದ್ದು ಸರಿನಾ?

ಪರ

2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಕಲಿಸುವಂತಿಲ್ಲ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿತು. ಸರಿಯಾಗಿಯೇ ಹೇಳಿತು. ಫ್ರಾಯ್ಡ್ ಏನಂದ ಎಂದು ಪುಸ್ತಕ ಓದಿ ತಿಳಿಯಬಹುದು. ಆದರೆ ಆಪ್ತಸಮಾಲೋಚನೆಗೆ ಬಂದು ಎದುರಿಗೆ ಕೂತ ಹೆಂಗಸು ಮಾತು ನಿಲ್ಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತರೆ? ಹೊಸಬರು ಗಾಬರಿಯಾಗಿ "ಎಲ್ಲಾ ಸರಿಹೋಗುತ್ತೆ ಬಿಡಿ" ಅಂದುಬಿಡುತ್ತಾರೆ. ಅಲ್ಲಿಗೆ ಆಕೆ ಬಾಯಿ ಮುಚ್ಚಿದ ಹಾಗೆಯೇ. ಆ ಹೊತ್ತಲ್ಲಿ ಸುಮ್ನೆ ಇರುವುದನ್ನು ಕಲಿಸಲು ಪಕ್ಕದಲ್ಲಿ ಮೇಷ್ಟ್ರು ಬೇಕು. ಸಹಪಾಠಿಯನ್ನೇ ಕ್ಲೈಂಟ್ ಮಾಡಿ ಕೂರಿಸಿ, ತಪ್ಪು ಮಾಡಿ, ಬೈಸಿಕೊಂಡು ಕಲಿಯಬೇಕು.

"ಬದುಕೋದೇ ಬೇಡ ಅನ್ನಿಸುತ್ತೆ" ಎಂದು ಯಾರಾದರೂ ಹೇಳಿದಾಗ ನೇರವಾಗಿ ಏನು ಕೇಳಬೇಕು, ಮನೆಯವರಿಗೆ ಯಾವಾಗ ತಿಳಿಸಬೇಕು, ಮನೋವೈದ್ಯರ ಹತ್ತಿರ ಯಾವಾಗ ಕಳಿಸಬೇಕು? ಅಸೈನ್‌ಮೆಂಟಿನಲ್ಲಿ ಹತ್ತು ಅಂಕಕ್ಕೆ ಬರೆಯುವುದು ಸುಲಭ. ಕೋಣೆಯಲ್ಲಿ ಬಾಯಿ ಒಣಗುತ್ತದೆ.

ವಿರೋಧ

ದೂರಶಿಕ್ಷಣ ಕೊಡುವ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಲ್ಲಿ (ಇಗ್ನೋ) ಈ ಎಂ.ಎ.ಗೆ ಸೇರುತ್ತಿದ್ದವರು ಯಾರು? ತಾಲ್ಲೂಕಿನ ಹೈಸ್ಕೂಲ್ ಟೀಚರು, ನರ್ಸು, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಪುಸ್ತಕ ಹಿಡಿದ ಗೃಹಿಣಿ. ಎರಡು ವರ್ಷ ಸಂಬಳ ಬಿಟ್ಟು ಬೆಂಗಳೂರಿನಲ್ಲಿ ಬಾಡಿಗೆ ರೂಮು ಹಿಡಿದು ಇರಿ ಅಂದರೆ ಆಗುವ ಮಾತಾ? ಆ ಕೋರ್ಸಿನಲ್ಲಿ ಪ್ರಾಕ್ಟಿಕಲ್ ಇತ್ತು, ಇಂಟರ್ನ್‌ಶಿಪ್ಪೂ ಇತ್ತು. ಕಾಟಾಚಾರಕ್ಕೆ ಮಾಡುತ್ತಿದ್ದರೆ ಬಿಗಿ ಮಾಡಬೇಕಿತ್ತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುತ್ತಾರಾ?

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಹತ್ತಕ್ಕಿಂತ ಜಾಸ್ತಿ ಜನರಿಗೆ ಮಾನಸಿಕ ತೊಂದರೆ ಕಂಡಿತ್ತು; ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೇ ತರಬೇತಿ ಕೊಟ್ಟು ಮಾನಸಿಕ ತೊಂದರೆ ಇರುವವರನ್ನು ನೋಡಿಕೊಳ್ಳುವ ಕೆಲಸ ಮಾಡಿಸಿ ತೋರಿಸಿತ್ತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಅಂದರೆ, ಇದ್ದಲ್ಲೇ ಇರುವವರಿಗೆ ಕಲಿಸಬಹುದು.

ಮೂರು ದಿನದ ಸರ್ಟಿಫಿಕೇಟ್ ಹಿಡಿದು ಇನ್‌ಸ್ಟಾಗ್ರಾಂನಲ್ಲಿ ಬುದ್ಧಿ ಹೇಳುವವರನ್ನು ಈ ಆದೇಶ ಮುಟ್ಟುವುದೂ ಇಲ್ಲ. ಆ ತಾಲ್ಲೂಕಿನ ಟೀಚರ ಹತ್ತಿರ ಊಟದ ಬಿಡುವಿನಲ್ಲಿ ಹುಡುಗಿಯರು ಗುಟ್ಟು ಹೇಳಿಕೊಳ್ಳಲು ಬಂದೇ ಬರುತ್ತಾರೆ, ಟೀಚರು ಮನಶ್ಶಾಸ್ತ್ರ ಓದಿರಲಿ ಬಿಡಲಿ. ತಿಂಗಳಿಗೆ ಎರಡು ಶನಿವಾರ ಜಿಲ್ಲಾಸ್ಪತ್ರೆಯ ಮನೋವೈದ್ಯರ ಪಕ್ಕ ಕೂತು ಕಲಿಯಲೇಬೇಕು ಎಂದು ನಿಯಮ ಹಾಕಿದ್ದರೆ, ಮೊದಲ ಬಸ್ಸಿಗೇ ಹೊರಡುತ್ತಿದ್ದರು.